ಸೋಡಾ ಹಾಕಿದ ಐಸ್ ಟೀ ಸಪ್ಪೆಯಾಗದಿರಲು ಏನು ಮಾಡಬೇಕು?

ಟೀ ಕುದಿಸಿ, ಆರಿಸಿ, ಫ್ರಿಜ್‌ನಲ್ಲಿಟ್ಟು ಸೋಡಾ ಬೆರೆಸಿದರೆ ಕದಡಿದ ಹಾಗಾಗುತ್ತದೆ, ಗ್ಯಾಸೂ ನಿಲ್ಲಲ್ಲ, ರುಚಿಯೂ ಸಪ್ಪೆ ಅಂತ ಕೇಳಿದ್ದೀರಿ.

ಸಪ್ಪೆಯ ಕಾರಣ ಸುಲಭ. ಸೋಡಾ ಅಂದ್ರೂ ನೀರೇ ಅಲ್ವಾ? ಮೇಲಿಂದ ಐಸ್ ಬೇರೆ ಕರಗುತ್ತೆ. ಕುಡಿಯುವ ಹದದ ಟೀಗೆ ಇವೆರಡೂ ಸೇರಿದರೆ ಏನು ಉಳಿಯುತ್ತದೆ? ಟೀ ಡಿಕಾಕ್ಷನ್ ಥರ ಗಟ್ಟಿಯಾಗಿರಬೇಕು.

ಕದಡುವುದಕ್ಕೆ ಕಾರಣ ಬೇರೆ. ಟೀಯಲ್ಲಿರುವ ಕೆಫೀನೂ ಒಗರಿನ ಅಂಶವೂ ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಜಾಸ್ತಿ ಕುದಿಸಿದಷ್ಟೂ ಇವೆರಡೂ ನೀರಿಗೆ ಜಾಸ್ತಿ ಇಳಿಯುತ್ತವೆ. ಬೋರ್‌ವೆಲ್‌ನ ಗಡಸು ನೀರಾದರೆ ಕೇಳೋದೇ ಬೇಡ. ಅದಕ್ಕೇ ನಾನು ಈ ಟೀಗೆ ಒಲೆ ಹಚ್ಚುವುದೇ ಇಲ್ಲ. ಅರ್ಧ ಲೀಟರ್ ಫಿಲ್ಟರ್ ನೀರಿಗೆ 15-20 ಗ್ರಾಂ ಟೀ ಎಲೆ ಹಾಕಿ, ಮುಚ್ಚಿ, ರಾತ್ರಿ ಫ್ರಿಜ್‌ನಲ್ಲಿಡುತ್ತೇನೆ. ಬೆಳಗ್ಗೆ ತೆಳು ಬಟ್ಟೆಯಲ್ಲಿ ಸೋಸಿದರೆ ಆಯ್ತು. ಬಟ್ಟೆ ಹಿಂಡಬೇಡಿ, ಒಗರು ಇಳಿಯುತ್ತದೆ. ಹಾಲಿನ ಟೀಗೆ ಹಾಕುವ ಗುಂಡು ಪುಡಿ ಇದಕ್ಕೆ ಆಗಿಬರಲ್ಲ. ಉದ್ದ ಎಲೆಯ ನೀಲಗಿರಿ ಟೀ ತನ್ನಿ. ತಣ್ಣಗಾದರೂ ತಿಳಿಯಾಗಿರುತ್ತದೆ ಅಂತಲೇ ಅದಕ್ಕೆ ಹೆಸರು.

ಸಕ್ಕರೆ ತಣ್ಣನೆ ಟೀಯಲ್ಲಿ ಕರಗದೆ ತಳದಲ್ಲೇ ಕೂರುತ್ತದೆ. ಸಮ ಸಮ ಸಕ್ಕರೆ, ನೀರು ಬಿಸಿ ಮಾಡಿ ಪಾಕ ಮಾಡಿಟ್ಟುಕೊಳ್ಳಿ. ಎಳೆ ಪಾಕ ಬೇಡ, ಕರಗಿದರೆ ಸಾಕು. ಜಜ್ಜಿದ ಶುಂಠಿ ಬೇಕಿದ್ದರೆ ಆಗಲೇ ಹಾಕಿ.

ಇನ್ನು ಗ್ಯಾಸ್. ಅದು ನಿಲ್ಲುವುದು ತಣ್ಣನೆ ನೀರಲ್ಲಿ ಮಾತ್ರ. ಹಾಗಾಗಿ ಟೀ, ಪಾಕ, ಲೋಟ ಎಲ್ಲವೂ ಸೋಡಾದಷ್ಟೇ ತಣ್ಣಗಿರಬೇಕು. ಸೋಡಾದ ಸಣ್ಣ ಬಾಟಲಿಯನ್ನೇ ತನ್ನಿ. ದೊಡ್ಡದನ್ನು ತೆರೆದಿಟ್ಟರೆ ಮಾರನೆ ದಿನಕ್ಕೆ ಸುಮ್ನೆ ನೀರು. ಐಸ್ ಕ್ಯೂಬ್ ಮೇಲೆ ಬಿಳಿ ಹಿಮ ಹಿಡಿದಿದ್ದರೆ ಒಮ್ಮೆ ತಣ್ಣೀರಲ್ಲಿ ಅದ್ದಿ ತೆಗೆಯಿರಿ. ಆ ಒರಟು ಮೈಗೆ ತಾಗಿದ ಕೂಡಲೇ ಗ್ಯಾಸ್ ಬುಸ್ಸೆಂದು ಮೇಲೇರುತ್ತದೆ.

ಲೋಟದ ತುಂಬ ಐಸ್, ಎರಡು ಚಮಚ ಪಾಕ, 100 ಮಿ.ಲೀ. ಟೀ, ಅರ್ಧ ನಿಂಬೆಹಣ್ಣಿನ ರಸ. ನಿಂಬೆ ಬಿದ್ದೊಡನೆ ಕಡುಗೆಂಪು ಟೀ ಹೊಂಬಣ್ಣಕ್ಕೆ ತಿರುಗುವುದನ್ನು ನೋಡಿ, ಚೆನ್ನಾಗಿರುತ್ತೆ. ಕಲಸುವುದೆಲ್ಲ ಇಲ್ಲಿಗೇ ಮುಗಿಸಿ. ಕೊನೆಗೆ ಲೋಟ ಸ್ವಲ್ಪ ಓರೆ ಮಾಡಿ, ಅಂಚಿನಲ್ಲಿ 150 ಮಿ.ಲೀ. ಸೋಡಾ ಇಳಿಸಿ. ಚಮಚದಿಂದ ತಳವನ್ನು ಒಂದು ಸಲ ಎತ್ತಿದರೆ ಸಾಕು.

ಮನೆಯಲ್ಲಿ ಸೋಡಾ ಮೆಷಿನ್ ಇದೆ ಅಂತ ಅದಕ್ಕೆ ಟೀಯನ್ನೇ ಸುರಿಯಬೇಡಿ. ಟೀ ವಿಪರೀತ ನೊರೆ ಕಟ್ಟುತ್ತದೆ, ಅಡುಗೆಮನೆ ಕಟ್ಟೆಯೆಲ್ಲ ಅಂಟಂಟು. ಬರೀ ನೀರಿಗೆ ಗ್ಯಾಸ್ ತುಂಬಿಸಿ ಆಮೇಲೆ ಬೆರೆಸಿ.

ಪಾಕದ ಬದಲು ನನ್ನಾರಿ ಶರಬತ್ತು ಹಾಕಿದರೆ ನನ್ನ ಪ್ರಕಾರ ಇನ್ನೂ ಸೊಗಸು. ಆಗ ಪುದೀನ ಮಾತ್ರ ಬೇಡ, ಎರಡರ ಘಮ ಹೊಂದಲ್ಲ.