ತನ್ನ ಕಾಲನ್ನೇ ನೋಡಲು ಹೋಗುತ್ತಿದ್ದ ಜನರಲ್

ಪ್ರಶ್ನೆ: ನಮ್ಮ ಕಾಲೇಜಿನ ಕ್ವಿಜ್‌ನಲ್ಲಿ ಡೇನಿಯಲ್ ಸಿಕಲ್ಸ್ ಎಂಬ ಅಮೆರಿಕದ ವಕೀಲನ ಬಗ್ಗೆ ಕೇಳಿದರು. ಯುದ್ಧದಲ್ಲಿ ಹೋದ ತನ್ನ ಕಾಲನ್ನು ಮ್ಯೂಸಿಯಮ್‌ಗೆ ಕೊಟ್ಟು, ಆಮೇಲೆ ಅದನ್ನು ನೋಡಲು ಹೋಗುತ್ತಿದ್ದನಂತೆ. ಕೊಲೆ ಮಾಡಿಯೂ ಬಿಡುಗಡೆಯಾದನಂತೆ. ನಿಜವೇ ಸರ್?
– ಕಾನೂನು ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ಎರಡೂ ಖರೆ ತಂಗಿ.

1863ರ ಜುಲೈ 2, ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕಾಳಗ. ವಕೀಲ ಸಿಕಲ್ಸ್ ಆಗ ಸೇನೆಯಲ್ಲಿ ಜನರಲ್. ಕುದುರೆ ಮೇಲಿದ್ದ ಅವನ ಬಲಗಾಲಿಗೆ ತೋಪಿನ ಗುಂಡು ಬಡಿಯಿತು. ಅವತ್ತೇ ಕಾಲು ಕತ್ತರಿಸಿದರು. ಆ ಎಲುಬನ್ನು ಅವನು ಪೆಟ್ಟಿಗೆಯಲ್ಲಿಟ್ಟು ವಾಷಿಂಗ್ಟನ್ನಿನ ಸೇನಾ ವೈದ್ಯಕೀಯ ಮ್ಯೂಸಿಯಮ್‌ಗೆ ಕಳಿಸಿಕೊಟ್ಟ. ಮುಂದೆ ಕಾಲು ಹೋದ ದಿನ ಅಲ್ಲಿಗೆ ಹೋಗಿ ನೋಡಿ ಬರುತ್ತಿದ್ದ. ನಗಬೇಡ. ನನ್ನ ಕಿಡ್ನಿ ಕಲ್ಲನ್ನು ನಮ್ಮವ್ವ ಕುಂಕುಮದ ಭರಣಿಯಲ್ಲಿಟ್ಟು, ವಿಜಯಪುರದ ನಮ್ಮ ಮನೆಗೆ ಬಂದವರಿಗೆಲ್ಲ ಚಹಾ ಜೊತೆ ತೋರಿಸುತ್ತಿದ್ದಳು.

ಇನ್ನು ಕೊಲೆ. 1859ರ ಫೆಬ್ರವರಿ 27, ಭಾನುವಾರ, ಹಾಡಹಗಲು. ಶ್ವೇತಭವನದ ಎದುರಿನ ಲಫಾಯೆಟ್ ಚೌಕದ ಬಳಿ ಸಿಕಲ್ಸ್ ಗುಂಡು ಹಾರಿಸಿ ಫಿಲಿಪ್ ಬಾರ್ಟನ್ ಕೀ ಎಂಬುವನನ್ನು ಕೊಂದ. ಕೊಂದವನು ಸಂಸತ್ ಸದಸ್ಯ, ಸತ್ತವನು ಆ ಊರಿನ ಸರಕಾರಿ ವಕೀಲ! ಸಿಕಲ್ಸ್‌ನ ಹೆಂಡತಿ ತೆರೇಸಾಗೂ ಕೀಗೂ ಸಂಬಂಧವಿತ್ತು. ಕೀ ಸಿಕಲ್ಸ್‌ನ ಮನೆ ಮುಂದೆ ಬಂದು ಬಿಳಿ ಕರವಸ್ತ್ರ ಬೀಸಿ ಅವಳಿಗೆ ಸನ್ನೆ ಮಾಡುತ್ತಿದ್ದ. ಅವತ್ತು ಅದು ಗಂಡನ ಕಣ್ಣಿಗೆ ಬಿತ್ತು.

ಸಿಕಲ್ಸ್ ಪರ ವಾದಿಸಿದವರಲ್ಲಿ ಎಡ್ವಿನ್ ಸ್ಟ್ಯಾಂಟನ್ ಇದ್ದ. ಮುಂದೆ ಲಿಂಕನ್‌ಗೆ ಯುದ್ಧ ಮಂತ್ರಿಯಾದವನು. ಆ ಹೊತ್ತಿಗೆ ಸಿಕಲ್ಸ್‌ಗೆ ತಲೆ ಕೆಟ್ಟಿತ್ತು, ಅವನು ಹೊಣೆಯಲ್ಲ ಎಂದು ವಾದಿಸಿದರು. ತೀರ್ಪು ಹೇಳಲು ಕೂರಿಸಿದ್ದ ಸಾಮಾನ್ಯ ಜನರ ತಂಡ, ಅಂದರೆ ಜ್ಯೂರಿ, ಒಪ್ಪಿತು. ಅಮೆರಿಕದಲ್ಲಿ 'ತಾತ್ಕಾಲಿಕ ಹುಚ್ಚು' ಎಂಬ ವಾದ ಗೆದ್ದದ್ದು ಅದೇ ಮೊದಲು.

ನನಗೆ ಇದು ಒಪ್ಪಿಗೆಯಿಲ್ಲ. ಕೊಲೆಯ ಹಿಂದಿನ ರಾತ್ರಿಯೇ ಹೆಂಡತಿಯನ್ನು ಕೂರಿಸಿ ತಪ್ಪೊಪ್ಪಿಗೆ ಬರೆಸಿ ಸಹಿ ಹಾಕಿಸಿಕೊಂಡಿದ್ದ. ತಲೆ ಕೆಟ್ಟವನು ಕಾಗದಪತ್ರ ಇಷ್ಟು ನೀಟಾಗಿ ಮಾಡಿಕೊಳ್ತಾನಾ? ನ್ಯಾಯಾಧೀಶರು ಆ ಕಾಗದವನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. ಆದರೆ ಪತ್ರಿಕೆಗಳು ಅಚ್ಚು ಹಾಕಿದವು. ಊರೆಲ್ಲ ಓದಿತು. ನಮ್ಮಲ್ಲಿ ಬುದ್ಧಿ ಕೆಟ್ಟವರಿಗೆ ವಿನಾಯಿತಿ ಕೊಡುವ ಹಳೆಯ ದಂಡ ಸಂಹಿತೆಯ (ಐಪಿಸಿ) 84ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 22, ಇಷ್ಟು ಸಡಿಲವಿಲ್ಲ. ಮಾಡುತ್ತಿರುವುದೇನು ಎಂಬುದೇ ಅಥವಾ ಅದು ತಪ್ಪು ಎಂಬುದೇ ತಿಳಿಯದಷ್ಟು ಬುದ್ಧಿ ಕೆಟ್ಟಿರಬೇಕು. ಸರಿಯಾಗಿ 100 ವರ್ಷದ ನಂತರ, 1959ರಲ್ಲಿ, ಹೆಂಡತಿಯ ಪ್ರಿಯಕರನನ್ನು ನೌಕಾಪಡೆಯ ಅಧಿಕಾರಿಯೊಬ್ಬ ಗುಂಡಿಟ್ಟು ಕೊಂದ ಮುಂಬೈಯ ನಾನಾವತಿ ಪ್ರಕರಣದಲ್ಲೂ ಜ್ಯೂರಿ ಗಂಡನ ಪರವೇ ನಿಂತಿತು. ಅಲ್ಲಿ ಹುಚ್ಚಿನ ಮಾತಿರಲಿಲ್ಲ ಅನ್ನು. ಹೈಕೋರ್ಟ್ ಅದನ್ನು ಒಪ್ಪದೆ ಜೀವಾವಧಿ ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಎರಡೂ ತೀರ್ಪು ಪಕ್ಕದಲ್ಲಿಟ್ಟು ಓದು, ಪರೀಕ್ಷೆಗೂ ಆದೀತು.

ಕ್ವಿಜ್‌ನವರು ಕೇಳದೇ ಬಿಟ್ಟದ್ದು ಒಂದಿದೆ. ಬಿಡುಗಡೆಯಾದ ಮೇಲೆ ಸಿಕಲ್ಸ್ ತೆರೇಸಾ ಜೊತೆ ರಾಜಿಯಾದ. ಆಗ ಜನ ಕೆಂಡವಾದರು! ಕೊಂದಾಗ ಭಲೇ ಎಂದವರು, ಹೆಂಡತಿಯನ್ನು ಮತ್ತೆ ಮನೆಗೆ ಸೇರಿಸಿಕೊಂಡಾಗ ಮುಖ ತಿರುಗಿಸಿದರು. ಸಂಸತ್ತಿನಲ್ಲೂ ಅವನು ಒಂಟಿಯಾದ. ಅವನೇನು ಸಾಚಾ ಆಗಿರಲಿಲ್ಲ, ಬೇರೆ ಹೆಂಗಸರ ಸಹವಾಸ ಇತ್ತು. ಅದನ್ನು ಯಾರೂ ಕೇಳಲಿಲ್ಲ. ಮದುವೆಯಾದಾಗ ಅವಳಿಗೆ 16ರ ಆಸುಪಾಸು, ಅವನಿಗೆ ಅದರ ದುಪ್ಪಟ್ಟು. 1867ರಲ್ಲಿ, ಮೂವತ್ತರ ಆಸುಪಾಸಿನಲ್ಲೇ ತೀರಿಕೊಂಡಳು.

ಅವನು ಮಾತ್ರ ಕಟ್ಟಿಗೆಯ ಊರುಗೋಲು ಊರಿಕೊಂಡೇ ಜಾಸ್ತಿ ದಿನ ಬಾಳಿದ. ಸ್ಪೇನ್‌ನಲ್ಲಿ ರಾಯಭಾರಿಯಾದ. ಮತ್ತೆ ಸಂಸತ್ತಿಗೆ ಹೋಗಿ, ಗೆಟಿಸ್‌ಬರ್ಗ್ ರಣಭೂಮಿಯನ್ನು ಕಾಪಾಡುವ 1895ರ ಕಾನೂನಿನ ಹಿಂದೆ ನಿಂತ. ಅದೇ ರಣಭೂಮಿಯಲ್ಲಿ ಮೇಲಧಿಕಾರಿಯ ಅಪ್ಪಣೆಯಿಲ್ಲದೆ ತನ್ನ ಪಡೆಯನ್ನು ಮುಂದಕ್ಕೆ ನುಗ್ಗಿಸಿದ್ದಕ್ಕೆ ಇವತ್ತಿಗೂ ಬೈಸಿಕೊಳ್ಳುತ್ತಾನೆ.

ಕಾಲಿನೆಲುಬು ಈಗ ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನಲ್ಲಿರುವ ಮ್ಯೂಸಿಯಮ್‌ನಲ್ಲಿದೆ. ಪಕ್ಕದಲ್ಲಿ ಅಂಥದ್ದೇ ಒಂದು ತೋಪಿನ ಗುಂಡು ಇಟ್ಟಿದ್ದಾರೆ. ಉಳಿದ ದೇಹ 1914ರಿಂದ ಆರ್ಲಿಂಗ್ಟನ್ ಸ್ಮಶಾನದಲ್ಲಿದೆ.