ದುಬಾರಿ ಲೂರ್‌ ಕೊಂಡರೆ ಮೀನು ಹೆಚ್ಚು ಕಚ್ಚುತ್ತದೆಯೇ?

ಪ್ರಶ್ನೆ: ಹೆಪ್ಪುಗಟ್ಟಿದ ಸರೋವರದಲ್ಲಿ ತೂತು ಕೊರೆದು ಪರ್ಚ್‌, ಬ್ಲೂಗಿಲ್‌ ಮೀನು ಹಿಡಿಯುತ್ತೇನೆ. ಸಂಜೆ ಹೊತ್ತು ವಾಲೈ ಮೀನಿಗೂ ಗಾಳ ಬಿಡುವುದುಂಟು. ಅಂಗಡಿಯಲ್ಲಿ ಒಂದೇ ಅಳತೆಯ ಎರಡು ಲೂರ್‌ (ಮೀನನ್ನು ಸೆಳೆಯುವ ಕೃತಕ ಎರೆ) ಅಕ್ಕಪಕ್ಕ ತೂಗುತ್ತಿರುತ್ತವೆ, ಒಂದರ ಬೆಲೆ ಇನ್ನೊಂದರ ನಾಲ್ಕು ಪಟ್ಟು. ದುಬಾರಿಯದರಲ್ಲಿ ಅಂಥದ್ದೇನಿದೆ? ಕೊಳ್ಳಬೇಕೇ?

ಉತ್ತರ: ಎಲ್ಲಕ್ಕೂ ಬೇಡ, ಕೆಲವಕ್ಕೆ ಮಾತ್ರ. ಲೂರ್‌ನ ಬೆಲೆಯಲ್ಲಿ ನಿಮ್ಮ ಕೆಲಸಕ್ಕೆ ಬರುವುದು ಮೂರೇ: ಯಾವ ಲೋಹ, ಎಂಥ ಕೊಕ್ಕೆ, ನೀರಿನಲ್ಲಿ ಹೇಗೆ ಬೀಳುತ್ತದೆ. ಬೆಲೆ ಹೆಚ್ಚಿದ್ದು ಈ ಮೂರರಲ್ಲಿ ಯಾವುದಾದರೂ ಒಂದಕ್ಕಾಗಿದ್ದರೆ ಕೊಡಿ. ಬಣ್ಣದ ಮೇಲಿನ ಚುಕ್ಕಿ, ಹೊಳಪು, ಪೊಟ್ಟಣದ ಅಂದಕ್ಕಾಗಿದ್ದರೆ ಬಿಡಿ.

ಮೊದಲು ಪುಟ್ಟ ಜಿಗ್‌ಗಳ, ಅಂದರೆ ಕೊಕ್ಕೆಗೆ ಲೋಹದ ತಲೆ ಕೂರಿಸಿದ ಲೂರ್‌ಗಳ ಮಾತು, ಏಕೆಂದರೆ ವ್ಯತ್ಯಾಸ ದೊಡ್ಡದಾಗಿ ಕಾಣುವುದು ಇಲ್ಲೇ. ಅಗ್ಗದ ಜಿಗ್‌ ಸೀಸದ್ದು, ದುಬಾರಿಯದು ಟಂಗ್‌ಸ್ಟನ್‌. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ. ಶುದ್ಧ ಟಂಗ್‌ಸ್ಟನ್‌ 19.3, ಬೇರೆ ಲೋಹದ ಪುಡಿ ಬೆರೆಸಿ ಮಾಡಿದ ಜಿಗ್‌ನಲ್ಲಿ ಅದು 17–18ರ ಆಸುಪಾಸು. 5 ಮಿಲಿಮೀಟರ್‌ ದಪ್ಪದ ಗುಂಡು ಸೀಸದ್ದಾದರೆ ಮುಕ್ಕಾಲು ಗ್ರಾಂಗೆ ಒಂದಿಷ್ಟು ಕಡಿಮೆ, ಟಂಗ್‌ಸ್ಟನ್‌ ಆದರೆ ಸುಮಾರು 1.15 ಗ್ರಾಂ. ಅಂದರೆ ಅದೇ ಗಾತ್ರಕ್ಕೆ ಒಂದೂವರೆ ಪಟ್ಟು ತೂಕ.

ಈ 0.4 ಗ್ರಾಂ ಏಕೆ ಮುಖ್ಯ? ಚಳಿಗೆ ನೈಲಾನ್‌ ದಾರ ಸೆಟೆದುಕೊಂಡು, ರೀಲಿನಲ್ಲಿ ಸುತ್ತಿದ್ದ ಸುರುಳಿಯ ಆಕಾರವನ್ನೇ ಹಿಡಿದಿರುತ್ತದೆ. ಹಗುರ ಜಿಗ್‌ಗೆ ಆ ಸುರುಳಿಯನ್ನು ಎಳೆದು ನೇರ ಮಾಡುವಷ್ಟು ಭಾರ ಇರುವುದಿಲ್ಲ. ಆಗ ಮೀನು ಜಿಗ್ಗನ್ನು ಬಾಯಿಗೆ ತೆಗೆದುಕೊಂಡು ಉಗುಳಿದರೂ ದಾರದ ಸುರುಳಿ ಒಂದಿಷ್ಟು ಬಿಚ್ಚಿ ಮುದುಡುತ್ತದೆ ಅಷ್ಟೆ, ಕೋಲಿನ ತುದಿಗೆ ಸುದ್ದಿಯೇ ಮುಟ್ಟುವುದಿಲ್ಲ. ಚಳಿಗಾಲದಲ್ಲಿ ತಣ್ಣೀರಿನ ಮೀನಿನ ದೇಹ ನಿಧಾನ, ಕಚ್ಚುವುದೂ ಮೆಲ್ಲಗೆ. ಎಷ್ಟೋ ಸಲ ಅದು ಜಿಗ್ಗನ್ನು ಹೀರಿಕೊಂಡು ಸ್ವಲ್ಪ ಮೇಲಕ್ಕೆ ಬರುತ್ತದೆ. ಕೋಲಿನ ತುದಿಗೆ ಸ್ಪ್ರಿಂಗ್‌ ಕಟ್ಟಿದ್ದರೆ, ಜಿಗ್‌ನ ಭಾರಕ್ಕೆ ಬಾಗಿದ್ದ ಸ್ಪ್ರಿಂಗ್‌ ಆಗ ನಿಧಾನವಾಗಿ ನೆಟ್ಟಗಾಗುವುದು ಕಾಣುತ್ತದೆ. ಬಗ್ಗಿಸುವಷ್ಟು ಭಾರವೇ ಇಲ್ಲದಿದ್ದರೆ ನೆಟ್ಟಗಾಗುವುದಕ್ಕೂ ಏನಿಲ್ಲ, ಆ ಕಡಿತ ನಿಮ್ಮ ಕೈ ತಪ್ಪಿತು.

ಇನ್ನೊಂದು ಲಾಭ ಕೊಕ್ಕೆಯ ಬಾಯಿಯದು. ಅದೇ ತೂಕಕ್ಕೆ ಟಂಗ್‌ಸ್ಟನ್‌ ತಲೆ ಚಿಕ್ಕದಾಗುವುದರಿಂದ ತಲೆಗೂ ಮೊನೆಗೂ ನಡುವಿನ ಜಾಗ ತೆರೆದಿರುತ್ತದೆ. 12–14ನೇ ನಂಬರಿನ ಪುಟ್ಟ ಕೊಕ್ಕೆಗೆ ದಪ್ಪ ಸೀಸದ ತಲೆ ಕೂರಿಸಿ, ಮೇಲೆ ಎರಡು ಹುಳು ಸಿಕ್ಕಿಸಿದರೆ ಮೊನೆ ಅದರೊಳಗೇ ಹುದುಗಿ ಹೋಗುತ್ತದೆ. ಬ್ಲೂಗಿಲ್‌ನ ಬಾಯಿ ಚಿಕ್ಕದು, ಅಲ್ಲಿ ಇದರಿಂದ ತಪ್ಪುವ ಮೀನು ಬಹಳ.

ಹಾಗಾದರೆ ಎಲ್ಲೆಲ್ಲೂ ಟಂಗ್‌ಸ್ಟನ್ನೇ ಬೇಕೇ? ಮೂರು ನಾಲ್ಕು ಮೀಟರ್‌ ಆಳದೊಳಗೆ, ಗಾಳಿ ತಾಕದ ಗುಡಾರದೊಳಗೆ ಕೂತು, 2 ಪೌಂಡಿನ (ಅಷ್ಟು ಭಾರ ತಡೆಯುವ) ಹೊಸ ದಾರದಲ್ಲಿ ಹಿಡಿಯುವವರಿಗೆ ಸೀಸದ ಜಿಗ್‌ ಸಾಕು. ಮೀನು ತೀರಾ ಮಂಕಾಗಿರುವ ದಿನ ನಿಧಾನವಾಗಿ ಇಳಿಯುವ ಹಗುರ ಜಿಗ್ಗೇ ಮೇಲು. ಆರೇಳು ಮೀಟರ್‌ ದಾಟಿದಾಗ, ತೂತಿನಲ್ಲಿ ನೀರು ಬೆರೆತ ಹಿಮದ ಕೆಸರು ತುಂಬಿ ಜಿಗ್‌ ಅದರ ಮೇಲೇ ಕೂತುಬಿಡುವಾಗ, ಪರ್ಚ್‌ ಹಿಂಡು ಕೆಳಗೆ ಬಂದಿದೆ ಬೇಗ ಇಳಿಸಬೇಕು ಎನ್ನುವಾಗ ಟಂಗ್‌ಸ್ಟನ್‌ ತನ್ನ ಬೆಲೆಯನ್ನು ದುಡಿದು ಕೊಡುತ್ತದೆ. 3, 4, 5 ಮಿಲಿಮೀಟರ್‌ ಅಳತೆಯಲ್ಲಿ ಎರಡೆರಡು, ಒಂದು ಗಾಢ ಬಣ್ಣ, ಒಂದು ತಿಳಿ ಬಣ್ಣ. ಆರು ಜಿಗ್‌ನಲ್ಲಿ ಇಡೀ ಚಳಿಗಾಲ ಕಳೆಯಬಹುದು.

ಕೊಳ್ಳುವಾಗ ಎರಡು ಪರೀಕ್ಷೆ ಮಾಡಿ. ಟಂಗ್‌ಸ್ಟನ್‌ ಕರಗುವುದು 3,400 ಡಿಗ್ರಿ ಸೆಲ್ಸಿಯಸ್‌ ದಾಟಿದ ಮೇಲೆ. ಹಾಗಾಗಿ 327 ಡಿಗ್ರಿಗೇ ಕರಗುವ ಸೀಸದಂತೆ ಅದನ್ನು ಕೊಕ್ಕೆಯ ಸುತ್ತ ಎರಕ ಹೊಯ್ಯಲಾಗದು. ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕಾಯಿಸಿ ಗಟ್ಟಿ ಮಾಡಿ, ಆಮೇಲೆ ಸೀಳಿನಲ್ಲಿ ಕೊಕ್ಕೆ ಇಟ್ಟು ಬೆಸೆಯುತ್ತಾರೆ. ಬೆಲೆ ಏರುವುದು ಇದಕ್ಕೇ, ಮುರಿಯುವುದೂ ಈ ಬೆಸುಗೆಯಲ್ಲೇ. ತಲೆಯನ್ನು ಎರಡು ಬೆರಳಲ್ಲಿ ಹಿಡಿದು ಕೊಕ್ಕೆಯನ್ನು ಮೆಲ್ಲಗೆ ತಿರುಚಿ ನೋಡಿ, ಕೂದಲೆಳೆಯಷ್ಟು ಅಲುಗಿದರೂ ಕೊಳ್ಳಬೇಡಿ. ಎರಡನೆಯದನ್ನು ಮನೆಗೆ ತಂದ ಮೇಲೆ ಮಾಡಿ. ಬಣ್ಣದ ಕೆಳಗೆ ಚಾಕುವಿನ ಮೊನೆಯಿಂದ ಒತ್ತಿ ಗೀರಿ. ಗೀರು ಆಳವಾಗಿ ಬಿದ್ದು ಮೆತ್ತನೆಯ ಹೊಳಪು ಕಂಡರೆ ಅದು ಟಂಗ್‌ಸ್ಟನ್‌ ಅಲ್ಲ, ಸೀಸ.

ಇನ್ನು ಸ್ಪೂನ್‌. ಇಲ್ಲಿ ನಮ್ಮ ಸಲಹೆ ನೇರ: ದುಬಾರಿಯದು ಬೇಡ. ಸ್ಪೂನ್‌ ಎಂದರೆ ಹಿತ್ತಾಳೆಯದೋ ತಾಮ್ರದ್ದೋ ಒಂದು ತಗಡು. ಅದರ ನಡೆಯನ್ನು ನಿರ್ಧರಿಸುವುದು ಆಕಾರ, ದಪ್ಪ. ಅಗಲವಾಗಿ ತೆಳ್ಳಗಿದ್ದರೆ ಓಲಾಡುತ್ತ ನಿಧಾನ ಇಳಿಯುತ್ತದೆ, ಆಳ ಕಡಿಮೆ ಇದ್ದಾಗ ಒಳ್ಳೆಯದು. ದಪ್ಪನಾಗಿ ಕಿರಿದಾಗಿದ್ದರೆ ನೇರ ಬೀಳುತ್ತದೆ, ಆಳಕ್ಕೆ ಅದೇ ಸರಿ. ಸ್ವೀಡಿಶ್‌ ಪಿಂಪಲ್‌, ಕಾಸ್ಟ್‌ಮಾಸ್ಟರ್‌ನಂಥ ಹಳೆಯ ಸಾದಾ ಸ್ಪೂನ್‌ಗಳು ಇವತ್ತಿಗೂ ಎಲ್ಲರ ಪೆಟ್ಟಿಗೆಯಲ್ಲಿರುವುದು ಸುಮ್ಮನೆ ಅಲ್ಲ.

ಅಗ್ಗದ ಸ್ಪೂನ್‌ನಲ್ಲಿ ಕೆಟ್ಟದ್ದೆಂದರೆ ಕೊಕ್ಕೆ. ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲಿಟ್ಟು ಭಾರ ಹಾಕದೆ ಎಳೆಯಿರಿ. ಉಗುರಿಗೆ ಕಚ್ಚಿ ನಿಂತರೆ ಚೂಪಿದೆ, ಜಾರಿದರೆ ಮೊಂಡು. ಮೊಂಡಾಗಿದ್ದರೆ ಅರದಿಂದ ಉಜ್ಜುತ್ತ ಕೂರುವ ಬದಲು ಕೊಕ್ಕೆಯನ್ನೇ ಬದಲಿಸಿ: 3–4 ಗ್ರಾಂ ಸ್ಪೂನ್‌ಗೆ 10 ಅಥವಾ 12ನೇ ನಂಬರಿನ ತೆಳು ತಂತಿಯ ಮೂರು ಮೊನೆಯ ಕೊಕ್ಕೆ, ಜೊತೆಗೆ ಹೊಸ ಸ್ಪ್ಲಿಟ್‌ ರಿಂಗ್‌ (ಕೊಕ್ಕೆ ಸಿಕ್ಕಿಸುವ ಉಂಗುರ). ಹಳೆಯದಕ್ಕಿಂತ ಭಾರದ ಕೊಕ್ಕೆ ಹಾಕಿದರೆ ಓಲಾಟ ಸತ್ತುಹೋಗುತ್ತದೆ, ಅದನ್ನು ಮರೆಯಬೇಡಿ. ದಾರ ಕಟ್ಟುವ ಕಣ್ಣಿನ ಅಂಚು ಹರಿತವಾಗಿದ್ದರೆ ಸಣ್ಣ ಅರದಿಂದ ಎರಡು ಸಲ ಉಜ್ಜಿ ನುಣ್ಣಗೆ ಮಾಡಿ. ಇಷ್ಟಾದ ಮೇಲೆ ಅಗ್ಗದ ಸ್ಪೂನ್‌ಗೂ ದುಬಾರಿಯದಕ್ಕೂ ಉಳಿಯುವ ವ್ಯತ್ಯಾಸ ಹೆಚ್ಚಿನದೇನಲ್ಲ. ಬೆಳ್ಳಿ ಲೇಪದ್ದಾದರೆ ಹೊಳಪು ಹೆಚ್ಚು, ನಿಜ. ತಿಳಿನೀರಿನಲ್ಲಿ, ಬಿಸಿಲ ದಿನದಲ್ಲಿ ದೂರದ ಮೀನನ್ನು ಕರೆಯಲು ಅಂಥದ್ದೊಂದು ಇಟ್ಟುಕೊಳ್ಳಬಹುದು.

ವಾಲೈಗೆ ಬಳಸುವ, ಎತ್ತಿ ಬಿಟ್ಟಾಗ ಪಕ್ಕಕ್ಕೆ ಜಾರಿ ಸುತ್ತು ಹೊಡೆದು ಮತ್ತೆ ತೂತಿನ ಕೆಳಕ್ಕೆ ಬರುವ ಮೀನಿನಾಕಾರದ ಲೂರ್‌ ವಿಚಾರ ಬೇರೆ. ಫಿನ್ಲೆಂಡಿನ ರಪಾಲಾದ ಜಿಗ್ಗಿಂಗ್‌ ರ್‍ಯಾಪ್‌ ಈ ಬಗೆಯದು, ಅದರ ನಕಲುಗಳೂ ಸಿಗುತ್ತವೆ. ಇಲ್ಲಿ ಹಣ ಉಳಿಸಲು ಹೋಗಬೇಡಿ. ಮೂತಿಯ ಮತ್ತು ಬಾಲದ ಕೊಕ್ಕೆಗಳು ಮೈಯೊಳಗೇ ಸೇರಿಕೊಂಡಿರುತ್ತವೆ, ಮುರಿದರೆ ಬದಲಿಸಲಾಗದು. ಬೆನ್ನಿನ ಕೊಂಡಿ ಒಂದೆರಡು ಮಿಲಿಮೀಟರ್‌ ಆಚೀಚೆ ಕೂತರೂ ತಲೆ ಜೋತುಬಿದ್ದು, ಸುತ್ತು ಹೊಡೆಯುವ ಬದಲು ಕಲ್ಲಿನಂತೆ ಇಳಿಯುತ್ತದೆ. ಕೊಂಡದ್ದನ್ನು ಮೊದಲು ತೂತಿನ ಬಾಯಲ್ಲೇ ಇಳಿಬಿಟ್ಟು ನೋಡಿ: ಸುಮ್ಮನೆ ತೂಗಿದಾಗ ಮೈ ಅಡ್ಡಕ್ಕೆ ಮಟ್ಟವಾಗಿ ನಿಲ್ಲಬೇಕು, ಹೊಟ್ಟೆಯ ಕೊಕ್ಕೆ ಎಲ್ಲೂ ತಾಗದೆ ಅಲುಗಾಡಬೇಕು. ಈ ಬಗೆಯ ಲೂರ್‌ನ ದುರ್ಬಲ ಜಾಗ ಪ್ಲಾಸ್ಟಿಕ್‌ ಬಾಲ. ಮಂಜುಗಡ್ಡೆಯ ಮೇಲೆ ಬೀಳಿಸಿದರೆ ಅದು ಬಿರುಕು ಬಿಡುತ್ತದೆ, ಬಾಲ ಹೋದರೆ ಸುತ್ತಾಟವೂ ಹೋಯಿತು. ಮೀನು ಮೇಲೆ ಬರುವಾಗ ಹೊಟ್ಟೆಯ ಕೊಕ್ಕೆ ತೂತಿನ ಕೆಳ ಅಂಚಿಗೆ ಸಿಕ್ಕಿ ಮೀನು ಕಳಚಿಕೊಳ್ಳುವುದೂ ಇದರಲ್ಲೇ ಹೆಚ್ಚು. ಅಂಚಿನ ಹತ್ತಿರ ಬಂದಾಗ ಎಳೆಯುವುದನ್ನು ನಿಲ್ಲಿಸಿ, ಮೀನಿನ ತಲೆ ತೂತಿಗೆ ನೇರವಾದ ಮೇಲೆ ಒಂದೇ ಸಮನೆ ಮೇಲೆತ್ತಿ.

ಚೂಪು ಹಲ್ಲಿನ ಪೈಕ್‌ ಮೀನು ಇರುವ ಸರೋವರವಾದರೆ ದುಬಾರಿ ಲೂರ್‌ ಮುಂದೆ 15–20 ಸೆಂಟಿಮೀಟರ್‌ ತೆಳು ಲೋಹದ ತಂತಿಯ ತುಂಡು (ಲೀಡರ್‌) ಹಾಕಿ, ಇಲ್ಲದಿದ್ದರೆ ಒಂದೇ ಕಡಿತಕ್ಕೆ ಹೊರಟುಹೋಗುತ್ತದೆ. ಸೀಸದ ನಿಯಮವನ್ನೂ ನೋಡಿಕೊಳ್ಳಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ ರಾಜ್ಯದಲ್ಲಿ ಒಂದು ಔನ್ಸ್‌ ಅಥವಾ ಅದಕ್ಕಿಂತ ಕಡಿಮೆ ತೂಕದ ಸೀಸದ ಜಿಗ್‌ ಬಳಸುವಂತಿಲ್ಲ. ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲಿ 50 ಗ್ರಾಂಗಿಂತ ಹಗುರವಾದ ಸೀಸದ ಗಾಳದ ಸಾಮಾನಿಗೆ ನಿಷೇಧವಿದೆ. ಲೂನ್‌ನಂಥ ನೀರುಹಕ್ಕಿಗಳು ಅದನ್ನು ನುಂಗಿ ವಿಷವೇರಿ ಸಾಯುತ್ತವೆ. ಇಂಥ ಕಡೆ ಟಂಗ್‌ಸ್ಟನ್‌ ದುಬಾರಿಯೇ ಅಗ್ಗವೇ ಎಂಬ ಲೆಕ್ಕವೇ ಬರುವುದಿಲ್ಲ.

ಪ್ರಶ್ನೆ: ಸೋನಾರ್‌ (ನೀರೊಳಗಿನ ಮೀನನ್ನು ತೋರಿಸುವ ಯಂತ್ರ) ಪರದೆಯಲ್ಲಿ ಮೀನು ಜಿಗ್‌ ಹತ್ತಿರ ಬಂದು, ನಿಂತು, ವಾಪಸು ಹೋಗುವುದು ಕಾಣುತ್ತದೆ. ಕಚ್ಚುವುದಿಲ್ಲ. ಇದಕ್ಕಿಂತ ಒಳ್ಳೆಯ ಲೂರ್‌ ಬೇಕೇ?

ಉತ್ತರ: ಬಂದಿತಲ್ಲ, ಅಂದ ಮೇಲೆ ಲೂರ್‌ ತನ್ನ ಕೆಲಸ ಮಾಡಿದೆ. ತೊಂದರೆ ಕೊನೆಯ ಒಂದು ಗೇಣಿನಲ್ಲಿದೆ. ಹೊಸದು ಕೊಳ್ಳುವ ಮೊದಲು ಜಿಗ್ಗನ್ನು ಕಣ್ಣಿಗೆ ಕಾಣುವಷ್ಟು ಆಳಕ್ಕೆ ಇಳಿಸಿ ಅಲುಗಿಸದೆ ಹಿಡಿಯಿರಿ. ತನ್ನಷ್ಟಕ್ಕೆ ತಿರುಗುತ್ತಿದೆಯೇ? ಅನೇಕ ಸಲ ಕಾರಣ ಇದೇ. ಸ್ಪಿನ್ನಿಂಗ್‌ ರೀಲು ದಾರಕ್ಕೆ ಹುರಿ ಹಾಕುತ್ತದೆ, ಆ ಹುರಿ ಬಿಚ್ಚಿಕೊಳ್ಳುವಾಗ ಜಿಗ್‌ ಬುಗುರಿಯಂತೆ ಸುತ್ತುತ್ತದೆ. ನೀರಿನ ಯಾವ ಹುಳವೂ ಹಾಗೆ ತಿರುಗುವುದಿಲ್ಲ, ಮೀನು ಅದನ್ನು ನೋಡಿ ಹಿಂದೆ ಸರಿಯುತ್ತದೆ. ಜಿಗ್‌ನಿಂದ 45–60 ಸೆಂಟಿಮೀಟರ್‌ ಮೇಲೆ ಅತಿ ಚಿಕ್ಕ ಸ್ವಿವೆಲ್‌ (ತನ್ನಷ್ಟಕ್ಕೆ ತಿರುಗುವ ಕೊಂಡಿ) ಕಟ್ಟಿ, ಅಥವಾ ದಾರ ನೇರವಾಗಿ ಸುತ್ತಿಕೊಳ್ಳುವ ಇನ್‌ಲೈನ್‌ ರೀಲು ಬಳಸಿ.

ಆಮೇಲೆ ಗಂಟು ನೋಡಿ. ಅಡ್ಡಕ್ಕೆ ತೂಗಬೇಕಾದ ಜಿಗ್‌ನಲ್ಲಿ ಗಂಟು ಕಣ್ಣಿನ ಮುಂಭಾಗಕ್ಕೆ ಜಾರಿದರೆ ಬಾಲ ಕೆಳಗೆ ಬೀಳುತ್ತದೆ. ಪ್ರತಿ ಮೀನು ಹಿಡಿದ ಮೇಲೂ ಗಂಟನ್ನು ಬೆರಳಿನಿಂದ ಮತ್ತೆ ನಡುವಿಗೆ ಸರಿಸಿ. ಪುಟ್ಟ ಜಿಗ್‌ಗೆ ಸ್ನ್ಯಾಪ್‌ (ತೆರೆದು ಮುಚ್ಚುವ ಕೊಂಡಿ) ಹಾಕಬೇಡಿ, ಅದರ ಭಾರಕ್ಕೇ ಸಮತೋಲ ಕೆಡುತ್ತದೆ. ಸ್ಪೂನ್‌ಗೆ ಮಾತ್ರ ಚಿಕ್ಕ ಸ್ನ್ಯಾಪ್‌ ಒಳ್ಳೆಯದೇ.

ದಾರ ದಪ್ಪವಾಗಿದೆಯೇ? ಪರ್ಚ್‌, ಬ್ಲೂಗಿಲ್‌ಗೆ 2–3 ಪೌಂಡ್‌ ಸಾಕು, 6 ಪೌಂಡಿನ ದಾರಕ್ಕೆ 4 ಮಿಲಿಮೀಟರ್‌ ಜಿಗ್‌ ಕಟ್ಟಿ ಕಚ್ಚಲಿಲ್ಲ ಎಂದರೆ ಜಿಗ್‌ನ ತಪ್ಪಲ್ಲ. ಹುಳುವೂ ರಸ ಸೋರಿ ಸಿಪ್ಪೆಯಾಗಿದ್ದರೆ ಎಸೆಯಿರಿ. ಹೊಸದನ್ನು ದಪ್ಪ ತುದಿಯಲ್ಲಿ ಒಂದೇ ಚುಚ್ಚಿಗೆ ಸಿಕ್ಕಿಸಿ, ಉಳಿದ ಮೈ ಅಲುಗಾಡಲಿ. ಇವನ್ನೆಲ್ಲ ಸರಿಮಾಡಿದ ಮೇಲೆ ಕುಣಿಸುವುದನ್ನು ಕಡಿಮೆ ಮಾಡಿ. ಮೀನು ಹತ್ತಿರ ಬಂದಾಗ ಜಿಗ್ಗನ್ನು ಒಂದೊಂದೇ ಅಂಗುಲ ಮೇಲಕ್ಕೆ ಎತ್ತುತ್ತ ಹೋಗಿ. ಮೀನು ಹಿಂದೆಯೇ ಏರಿ ಬಂದರೆ ಕಚ್ಚುವ ಮನಸ್ಸಿದೆ ಎಂದರ್ಥ. ಬರದಿದ್ದರೆ ಗಾತ್ರ ಒಂದು ಹಂತ ಇಳಿಸಿ. ಬಣ್ಣ ಬದಲಿಸುವುದು ಅದಕ್ಕೂ ಆಮೇಲೆ.

ಪ್ರಶ್ನೆ: ಕತ್ತಲಲ್ಲಿ ಹೊಳೆಯುವ ಬಣ್ಣದ ಲೂರ್‌ಗೆ ಹೆಚ್ಚು ಹಣ ಕೊಡಬಹುದೇ?

ಉತ್ತರ: ಒಂದೆರಡಕ್ಕೆ ಕೊಡಬಹುದು. ಮಂಜುಗಡ್ಡೆಯ ಮೇಲೆ ಹಿಮ ದಪ್ಪಗೆ ಕೂತರೆ ಕೆಳಗೆ ಬೆಳಕು ತೀರಾ ಕಡಿಮೆ. ಮುಸ್ಸಂಜೆ, ಕದಡಿದ ನೀರು, ಹೆಚ್ಚು ಆಳ ಇವುಗಳಲ್ಲೂ ಹೊಳಪು ಉಪಯೋಗಕ್ಕೆ ಬರುತ್ತದೆ. ಕೆಂಪು ಬಣ್ಣ ಕೆಲವೇ ಮೀಟರ್‌ ಕೆಳಗೆ ಕಪ್ಪಾಗಿ ಕಾಣುವುದರಿಂದ ಆಳದಲ್ಲಿ ಹಸಿರು ಹೊಳಪು ವಾಸಿ. ಸತು ಸಲ್ಫೈಡ್‌ ಬಣ್ಣ ಬೇಗ ಮಂಕಾಗುತ್ತದೆ, ಸ್ಟ್ರಾಂಷಿಯಂ ಅಲ್ಯುಮಿನೇಟ್‌ ಹೆಚ್ಚು ಹೊತ್ತು ಬೆಳಗುತ್ತದೆ. ಬೆಲೆಯಲ್ಲಿ ನಿಜವಾದ ವ್ಯತ್ಯಾಸ ಇದೊಂದೇ. ಹೊಳಪು ತುಂಬಿಸಲು ನೇರಳಾತೀತ ಟಾರ್ಚ್‌ ಐದಾರು ಸೆಕೆಂಡು ಹಿಡಿದರೆ ಸಾಕು. ತುಂಬಿಸಿದ ಕೂಡಲೇ ಕಣ್ಣು ಕುಕ್ಕುವಂತಿದ್ದಾಗ ಮೀನು ಬಂದು ನೋಡಿ ಹೋಗುತ್ತಿದ್ದರೆ, ಒಂದೆರಡು ನಿಮಿಷ ಮಂಕಾಗಲು ಬಿಟ್ಟು ಇಳಿಸಿ.

ಇಂಥ ಬಣ್ಣ ಬಳಿದ ಲೂರ್‌ಗಳನ್ನು ಮೆತ್ತನೆಯ ಪ್ಲಾಸ್ಟಿಕ್‌ ಹುಳುಗಳ ಜೊತೆ ಒಂದೇ ಖಾನೆಯಲ್ಲಿ ಇಡಬೇಡಿ. ಆ ಪ್ಲಾಸ್ಟಿಕ್ಕಿನಿಂದ ಒಸರುವ ಎಣ್ಣೆಯಂಥ ದ್ರವ ಬಣ್ಣವನ್ನು ಕರಗಿಸಿ ಅಂಟು ಮಾಡುತ್ತದೆ. ಮನೆಗೆ ಬಂದ ಮೇಲೆ ಪೆಟ್ಟಿಗೆಯ ಮುಚ್ಚಳ ತೆರೆದು ರಾತ್ರಿಯಿಡೀ ಒಣಗಲು ಬಿಡಿ, ಇಲ್ಲವಾದರೆ ಕೊಕ್ಕೆಗಳ ಮೊನೆಗೆ ಮೊದಲು ತುಕ್ಕು ಹಿಡಿಯುತ್ತದೆ.