ಪ್ಯಾರಿಸ್‌ನಿಂದ ಮಿಲಾನ್‌ಗೆ ಎಷ್ಟು ದೂರ, ಫ್ಲೈಟಲ್ಲಿ ಎಷ್ಟು ಹೊತ್ತು? ಅದೇ ದಿನ ಮಿಲಾನ್‌ನಿಂದ ಬೆಂಗಳೂರು ಫ್ಲೈಟ್ ಹಿಡಿಬಹುದಾ?

ನೇರವಾಗಿ ಅಳೆದ್ರೆ ಸುಮಾರು 640 ಕಿಲೋಮೀಟರ್, ರೋಡಲ್ಲಿ 850ರ ಹತ್ರ, ವಿಮಾನಕ್ಕೆ ಒಂದೂವರೆ ಗಂಟೆ. ಆದ್ರೆ ದಯವಿಟ್ಟು ಈ ಲೆಕ್ಕ ಇಟ್ಕೊಂಡು ಟಿಕೆಟ್ ಬುಕ್ ಮಾಡ್ಬೇಡಿ, ನಾನು ಅದನ್ನೇ ಮಾಡಿದ್ದೆ, ಅದೂ ಅಮ್ಮನ್ನ ಜೊತೇಲಿ ಕರ್ಕೊಂಡು.

ಸಂಜೆ ಆರಕ್ಕೆ ಮಿಲಾನ್‌ನ ಮಾಲ್ಪೆನ್ಸಾ ಏರ್‌ಪೋರ್ಟಿಂದ ದುಬೈ ಮೇಲೆ ಬೆಂಗಳೂರಿಗೆ ಫ್ಲೈಟ್ ಇತ್ತು. ಪ್ಯಾರಿಸ್‌ನಿಂದ ಮಧ್ಯಾಹ್ನ ಒಂದಕ್ಕೆ ಇಳಿಯೋ ಅಗ್ಗದ ಟಿಕೆಟ್ ಸಿಕ್ತು ಅಂತ ಬೇರೆಯಾಗಿ ತಗೊಂಡೆ, ಐದು ಗಂಟೆ ಗ್ಯಾಪ್ ಧಾರಾಳ ಆಯ್ತು ಅಂದ್ಕೊಂಡೆ. ತಪ್ಪಾಗಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳ್ತೀನಿ. ಟಿಕೆಟಲ್ಲಿ ಪ್ಯಾರಿಸ್ ಬೊವೇ, ಮಿಲಾನ್ ಬೆರ್ಗಾಮೊ ಅಂತ ಸ್ಪಷ್ಟವಾಗೇ ಇತ್ತು, ನನ್ನ ಕಣ್ಣಿಗೆ ಬಿದ್ದಿದ್ದು ಪ್ಯಾರಿಸ್, ಮಿಲಾನ್ ಅಷ್ಟೇ. ಬೊವೇ ಪ್ಯಾರಿಸ್ ಅಲ್ವೇ ಅಲ್ಲ, ಉತ್ತರಕ್ಕೆ 85 ಕಿಲೋಮೀಟರ್ ಆಚೆ ಇರೋ ಬೇರೆ ಊರು, ಬಸ್ಸಲ್ಲಿ ಒಂದೂಕಾಲು ಗಂಟೆ. ಬೆರ್ಗಾಮೊ ಏರ್‌ಪೋರ್ಟ್ ಮಿಲಾನ್‌ಗೆ ಈಶಾನ್ಯದಲ್ಲಿ ಹತ್ತತ್ರ 50 ಕಿಲೋಮೀಟರ್, ಮಾಲ್ಪೆನ್ಸಾ ಊರಿನ ಇನ್ನೊಂದು ಕಡೆ, ವಾಯವ್ಯಕ್ಕೆ ಮತ್ತೆ ಅಷ್ಟೇ ದೂರ. ಅಂದ್ರೆ ವಿಮಾನ ಇಳಿದ ಮೇಲೂ ನಮಗೆ ಬೆಂಗಳೂರಿಂದ ಮಂಡ್ಯಕ್ಕೆ ಹೋದಷ್ಟು ದಾರಿ ಬಾಕಿ ಇತ್ತು.

ಆವತ್ತು ವಿಮಾನ ಒಂದು ಗಂಟೆ ಲೇಟು. ಬೆಲ್ಟಲ್ಲಿ ಸೂಟ್‌ಕೇಸ್ ಬಂದು, ಮಿಲಾನ್ ಸೆಂಟ್ರಲೆ ಸ್ಟೇಷನ್ ಬಸ್ ಹತ್ತೋ ಹೊತ್ತಿಗೆ ಮೂರು, ಎ4 ಹೈವೇಲಿ ಬಸ್ಸು ಲಾರಿಗಳ ಮಧ್ಯೆ ತೆವಳ್ತಾ ಇತ್ತು, ಅಮ್ಮ ಬಾಯಿಬಿಟ್ಟು ಏನೂ ಕೇಳ್ಲಿಲ್ಲ, ನನ್ನ ಫೋನಲ್ಲಿ ಟೈಮ್ ಮಾತ್ರ ಬಗ್ಗಿ ಬಗ್ಗಿ ನೋಡ್ತಿದ್ರು. ಅಲ್ಲಿಂದ ಮಾಲ್ಪೆನ್ಸಾ ಎಕ್ಸ್‌ಪ್ರೆಸ್ ಟ್ರೈನು, ಮತ್ತೆ ಮುಕ್ಕಾಲು ಗಂಟೆ ಮೇಲೇ. ಓಡ್ಕೊಂಡು ಹೋದಾಗ ಐದೂ ಇಪ್ಪತ್ತು. ಕೌಂಟರ್ ಐದಕ್ಕೇ ಮುಚ್ಚಿದ್ರು. ಎರಡೂ ಬೇರೆ ಬೇರೆ ಪಿಎನ್‌ಆರ್, ಹಾಗಾಗಿ ಮೊದಲ್ನೇದು ಲೇಟಾಗಿದ್ದಕ್ಕೆ ಎರಡ್ನೇಯವರು ಜವಾಬ್ದಾರರಲ್ಲ. ಇಬ್ಬರಿಗೂ ಹೊಸ ಟಿಕೆಟ್ ತಗೋಬೇಕಾಯ್ತು, ಇಡೀ ಟ್ರಿಪ್ಪಿನ ಹೋಟೆಲ್ ಬಿಲ್ಲಿಗಿಂತ ಜಾಸ್ತಿ ದುಡ್ಡು.

ಅದಕ್ಕೇ ಹೇಳೋದು, ಊರಿಂದ ಊರಿಗೆ ದೂರ ಕೇಳ್ಬೇಡಿ, ನಿಮ್ಮ ಹೋಟೆಲ್ ಬಾಗಿಲಿಂದ ಮುಂದಿನ ಫ್ಲೈಟಿನ ಕೌಂಟರ್‌ವರೆಗೆ ಲೆಕ್ಕ ಹಾಕಿ. ಕೆಲವು ಅಗ್ಗದ ಏರ್‌ಲೈನ್‌ಗಳಲ್ಲಿ ಆನ್‌ಲೈನ್ ಚೆಕ್‌ಇನ್ ಆಗಿದ್ರೂ ನಮ್ಮಂಥ ಇಂಡಿಯನ್ ಪಾಸ್‌ಪೋರ್ಟಿನವರು ಮೊದ್ಲು ಡೆಸ್ಕಲ್ಲಿ ವೀಸಾ ತೋರಿಸ್ಬೇಕು, ಆ ಕ್ಯೂ ಕೂಡ ಸೇರಿಸ್ಕೊಳ್ಳಿ.

ಬೆಂಗಳೂರು ಟಿಕೆಟ್ ಇನ್ನೂ ಆಗಿಲ್ಲ ಅಂದ್ರೆ ಪ್ಯಾರಿಸ್‌ನಿಂದಲೇ ವಾಪಸ್ ಬನ್ನಿ. ಆಗಿದ್ರೆ ಹಿಂದಿನ ದಿನವೇ ಮಿಲಾನ್ ಸೇರ್ಕೊಳ್ಳಿ, ಅದೇ ದಿನದ ಯೋಚನೆ ಬಿಟ್ಟುಬಿಡಿ. ಹಿಂದಿನ ದಿನ ಅಂದ್ಮೇಲೆ ಫ್ಲೈಟೇ ಯಾಕೆ ಬೇಕು? ಪ್ಯಾರಿಸ್‌ನ ಗಾರ್ ದ ಲಿಯೋನ್ ಸ್ಟೇಷನ್ನಲ್ಲಿ ಟ್ರೈನ್ ಹತ್ತಿದ್ರೆ ಸುಮಾರು ಏಳು ಗಂಟೆ, ಆಲ್ಪ್ಸ್ ಬೆಟ್ಟ ನೋಡ್ಕೊಂಡು ಊರೊಳಗೇ ಇಳೀತೀರ. 2023ರ ಆಗಸ್ಟಲ್ಲಿ ಗುಡ್ಡ ಕುಸಿದು ಆ ಲೈನ್ ಮುಚ್ಚಿತ್ತು, 2025ರ ಮಾರ್ಚ್ ಕೊನೇಲಿ ಮತ್ತೆ ಶುರುವಾಗಿದೆ. ಹಾರಲೇಬೇಕು ಅಂದ್ರೆ ಮಿಲಾನ್‌ನ ಇನ್ನೊಂದು ಏರ್‌ಪೋರ್ಟ್ ಲಿನಾಟೆಗೆ ಇಳಿಯೋ ಫ್ಲೈಟ್ ಹುಡುಕಿ, ಅಲ್ಲಿಂದ ಊರೊಳಕ್ಕೆ ಮೆಟ್ರೋ ಇದೆ. ಟ್ರೈನಾದ್ರೆ ದಿನಕ್ಕೆ ಕೆಲವೇ ಇರೋದು, ಬೇಗ ಬುಕ್ ಮಾಡಿ.